ಇಂಗ್ಲೆಂಡಲ್ಲಿ ಕಾರು ಬಾಡಿಗೆಗೆ ತಗೊಂಡು ಟ್ರಿಪ್ ಹೊರಟಿರೋ ಸ್ಟೂಡೆಂಟ್ಸ್, ಕೀ ಇಸ್ಕೊಳ್ಳೋ ಮೊದಲು ಇದನ್ನು ಓದಿ

875 ಪೌಂಡ್ ಹೋಯಿತು. ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ. ಆಕ್ಸಿಡೆಂಟ್ ಆಗಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಹೇಳಿದ ಟೈಮಿಗೆ, ಫುಲ್ ಟ್ಯಾಂಕ್ ಡೀಸೆಲ್ ಹಾಕಿಸಿ ಕಾರು ವಾಪಸ್ ಕೊಟ್ಟೆವು. ಆದರೂ 875 ಪೌಂಡ್ ಕಿತ್ತುಕೊಂಡರು.

ಇದನ್ನು ಬರೆಯೋಕೆ ನನಗೆ ಮೂರು ತಿಂಗಳು ಬೇಕಾಯಿತು. ನಾಚಿಕೆ ಆಗುತ್ತಿತ್ತು. ಕಾಂಟ್ರಾಕ್ಟ್ ನನ್ನ ಹೆಸರಲ್ಲಿತ್ತು, ಲೈಸೆನ್ಸ್ ನನ್ನದು, ಕಾರ್ಡ್ ನನ್ನದು, ಸಹಿ ನನ್ನದು. ಜೊತೆಗಿದ್ದ ಆರು ಜನ ನನ್ನನ್ನು ನಂಬಿ ಬಂದವರು. ಮನೆಯಲ್ಲಿ ಇನ್ನೂ ಹೇಳಿಲ್ಲ. ಆದರೆ ಹೋದ ವಾರ ಒಬ್ಬ ಜೂನಿಯರ್ ಬಂದು ಈಸ್ಟರ್ ರಜೆಗೆ ಲೇಕ್ ಡಿಸ್ಟ್ರಿಕ್ಟ್‌ಗೆ ಹೋಗ್ತಿದ್ದೀವಿ, ಕಡಿಮೆ ರೇಟಿಗೆ ಕಾರು ಸಿಕ್ಕಿದೆ ಅಂದ. ಎಲ್ಲಿ ಅಂತ ಕೇಳಿದೆ. ಅದೇ ಜಾಗ. ಇನ್ನು ಸುಮ್ಮನಿರೋಕೆ ಆಗಲ್ಲ.

2024ರ ಅಕ್ಟೋಬರ್ ಎರಡನೇ ವಾರ. ಲೀಡ್ಸ್‌ನಲ್ಲಿ ಓದುತ್ತಿರುವ ನಾವು ಏಳು ಜನ, ಎಲ್ಲಾ ಕರ್ನಾಟಕದವರೇ. ಶನಿವಾರ ಯಾರ್ಕ್‌ಷೈರ್ ಡೇಲ್ಸ್ ಸುತ್ತಿ, ರಾತ್ರಿ ಕೆಂಡಲ್‌ನಲ್ಲಿ ಉಳಿದು, ಭಾನುವಾರ ಲೇಕ್ ಡಿಸ್ಟ್ರಿಕ್ಟ್ ನೋಡಿಕೊಂಡು ವಾಪಸ್ ಬರೋದು ಪ್ಲಾನ್. ಇಲ್ಲೂ ಎಡಗಡೆಯೇ ಓಡಿಸೋದು. ನಮ್ಮ ಊರಿನ ಲೈಸೆನ್ಸ್‌ನಲ್ಲೇ ಇಲ್ಲಿಗೆ ಬಂದು 12 ತಿಂಗಳು ಓಡಿಸಬಹುದು. ಆದರೆ ದೊಡ್ಡ ಕಂಪನಿಗಳಲ್ಲಿ 25 ವರ್ಷದೊಳಗಿನವರಿಗೆ ದಿನಕ್ಕೆ ಇಷ್ಟು ಅಂತ ಜಾಸ್ತಿ ಹಾಕುತ್ತಾರೆ, ಹಲವು ಕಡೆ ಕ್ರೆಡಿಟ್ ಕಾರ್ಡೇ ಬೇಕು ಅನ್ನುತ್ತಾರೆ. ನನಗೆ 23. ಕ್ರೆಡಿಟ್ ಕಾರ್ಡ್ ಇಲ್ಲ. ಆಗ ಸೀನಿಯರ್ ಒಬ್ಬರು ಫಾರ್ವರ್ಡ್ ಮಾಡಿದ ಮೆಸೇಜಿನಲ್ಲಿ ಈ ಜಾಗ ಸಿಕ್ಕಿತು. ಏಳು ಸೀಟಿನ ಕಾರು, ದಿನಕ್ಕೆ 55 ಪೌಂಡ್, ಡೆಬಿಟ್ ಕಾರ್ಡ್ ಸಾಕು. 1,200 ಪೌಂಡ್ ಡಿಪಾಸಿಟ್, ಕಾರು ಕೊಟ್ಟ ಮೇಲೆ ವಾಪಸ್. ಅಷ್ಟು ದುಡ್ಡು ನನ್ನ ಅಕೌಂಟಿನಲ್ಲಿ ಇದ್ದಿದ್ದು ಮುಂದಿನ ಎರಡು ತಿಂಗಳ ಬಾಡಿಗೆಗೆ ಅಂತ. ಭಾನುವಾರ ವಾಪಸ್ ಬರುತ್ತಲ್ಲ ಅಂತ ಕೊಟ್ಟುಬಿಟ್ಟೆ.

ಈಗ ಕಾರು ತರೋಕೆ ಹೋದ ಆ ಶುಕ್ರವಾರ ಸಂಜೆ ಏನಾಯಿತು ಅಂತ ಸರಿಯಾಗಿ ಹೇಳಬೇಕು. ಮೋಸ ಆಗಿದ್ದು ಅಲ್ಲೇ.

ನಾಲ್ಕು ಗಂಟೆಗೆ ಬನ್ನಿ ಅಂದಿದ್ದರು. ಹೋದರೆ ಕಾರು ತೊಳೀತಿದ್ದಾರೆ, ಕೂತಿರಿ ಅಂದರು. ಆರು ದಾಟಿತು. ಕತ್ತಲಾಗುತ್ತಾ ಬಂತು, ಮಳೆ ಬೇರೆ. ಅಂಗಳದಲ್ಲಿ ಒಂದೇ ಒಂದು ಲೈಟು. ಕಾರು ತಂದು ನಿಲ್ಲಿಸಿದ್ದು ಗೋಡೆಗೆ ಒತ್ತಿ, ಎಡಗಡೆ ಒಬ್ಬ ಮನುಷ್ಯ ನುಸುಳೋಕೂ ಜಾಗ ಇಲ್ಲದ ಹಾಗೆ. ಮೈಯೆಲ್ಲಾ ನೀರು. ಗೀರು ಯಾವುದು, ನೀರಿನ ಗೆರೆ ಯಾವುದು ಗೊತ್ತಾಗಲ್ಲ. ನಾನು ಫೋನ್ ಟಾರ್ಚ್ ಹಾಕಿ ನೋಡೋಕೆ ಹೊರಟೆ. ಆಗ ಅಲ್ಲಿ ಕಾರು ಕೊಡುವಾತ ನನ್ನ ಹೆಗಲ ಮೇಲೆ ಕೈ ಇಟ್ಟು ಹೇಳಿದ, 'ಹಳೇ ಕಾರಪ್ಪ, ಸಣ್ಣಪುಟ್ಟ ಗೀರು ಎಲ್ಲಾ ನಮಗೆ ಗೊತ್ತಿದೆ. ನೀನು ಫುಲ್ ಕವರ್ ತಗೊಂಡಿದ್ದೀಯಲ್ಲ, ಯಾಕೆ ಚಿಂತೆ?'

ಹೌದು, ಫುಲ್ ಕವರ್. ದಿನಕ್ಕೆ 18 ಪೌಂಡ್, ಮೂರು ದಿನಕ್ಕೆ 54. ಪೂರ್ತಿ ಇನ್ಶೂರೆನ್ಸ್, ಏನಾದರೂ ನೀವು ಕೊಡೋ ಹಾಗಿಲ್ಲ ಅಂತ ನಮ್ಮ ಏಳು ಜನರ ಎದುರಿಗೇ ಹೇಳಿದ. ಆಫೀಸ್ ಮುಚ್ಚೋ ಟೈಮ್ ಆಯ್ತು ಅಂತ ಆತುರ ಮಾಡಿದ. ಟ್ಯಾಬ್ಲೆಟ್ಟಿನಲ್ಲಿ ಬೆರಳಲ್ಲಿ ಸಹಿ ಹಾಕಿಸಿಕೊಂಡ. ಪುಟಗಳನ್ನು ಅವನೇ ತಳ್ಳುತ್ತಾ ಹೋದ. ನಾನು ಓದಲಿಲ್ಲ. ಅವನು ಓದಲು ಬಿಡಲಿಲ್ಲ ಅನ್ನೋದು ನಿಜ, ನಾನು ತಡೆಯಲಿಲ್ಲ ಅನ್ನೋದೂ ನಿಜ.

ಟ್ರಿಪ್ ಚೆನ್ನಾಗಿತ್ತು. ಅದನ್ನು ನೆನೆದರೆ ಇನ್ನೂ ಹೊಟ್ಟೆ ಉರಿಯುತ್ತದೆ. ಸ್ಕಿಪ್ಟನ್, ಸೆಟಲ್ ದಾಟಿ ರಿಬಲ್‌ಹೆಡ್‌ಗೆ ಹೋದಾಗ ಮಳೆ ನಿಂತಿತ್ತು. ಅಲ್ಲಿನ ರೈಲು ಸೇತುವೆಗೆ 24 ಕಮಾನು. ಸುತ್ತ ಒಂದು ಮರ ಇಲ್ಲ, ಬರೀ ಬಯಲು, ಅದರ ಮೇಲೆ ಆ ಕಲ್ಲಿನ ಸಾಲು. ಎಲ್ಲರೂ ಬಾಯಿ ಬಿಟ್ಟುಕೊಂಡು ನಿಂತಿದ್ದೆವು. ಅಲ್ಲಿ ಕಾರಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆವು. ಆಗಲೇ ಹಾಸನದ ಗೆಳೆಯ ಹೇಳಿದ, 'ಲೋ, ಎಡಗಡೆ ಎರಡೂ ಅಲಾಯ್ ಚಕ್ರ ಕೆರೆದುಹೋಗಿದೆ ನೋಡೋ.' ಹೌದು, ಎರಡೂ. ಹಳೇ ಗೀರು, ಒಳಗೆ ಕಪ್ಪು ಮಣ್ಣು ಕೂತಿತ್ತು. ಅವರಿಗೆ ಗೊತ್ತಿದೆಯಂತಲ್ಲ ಬಿಡು ಅಂದೆ. ಆ ಒಂದು ಮಾತಿಗೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ. ಅಲ್ಲೇ ನಿಂತು ಆ ಫೋಟೋನ ಅವರಿಗೆ ಮೇಲ್ ಮಾಡಬೇಕಿತ್ತು.

ಹಾಸ್‌ನಿಂದ ಬಟರ್‌ಟಬ್ಸ್ ರಸ್ತೆ ಹತ್ತಿ ಸ್ವೇಲ್‌ಡೇಲ್‌ಗೆ ಇಳಿದೆವು. ಕಿರಿದಾದ ದಾರಿ. ಕೆಳಗೆ ಮ್ಯೂಕರ್ ಹತ್ತಿರ ಎರಡೂ ಕಡೆ ಕಲ್ಲು ಪೇರಿಸಿದ ಗೋಡೆ, ಗಾರೆ ಇಲ್ಲದ್ದು, ರಸ್ತೆಗೇ ಅಂಟಿಕೊಂಡಿರುತ್ತೆ. ಅಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂತು. ನಾನು ಎಡಕ್ಕೆ ಜಾಸ್ತಿ ಸರಿದೆ. ಕನ್ನಡಿಯ ಹಿಂಬದಿ ಕಲ್ಲಿಗೆ ಉಜ್ಜಿತು. ಬೆರಳುದ್ದದ ಗೀರು. ಇದು ನನ್ನ ತಪ್ಪು. ಮುಚ್ಚಿಡಬಾರದು ಅಂತ ಅವತ್ತೇ ರಾತ್ರಿ ಕೆಂಡಲ್‌ನಿಂದ ಮೆಸೇಜ್ ಹಾಕಿದೆ, ಫೋಟೋ ಸಮೇತ. ಇಂಥದ್ದು ನಮ್ಮಿಂದ ಆಗಿದೆ, ಕ್ಷಮಿಸಿ ಅಂತ. 'ತಿಳಿಸಿದ್ದಕ್ಕೆ ಥ್ಯಾಂಕ್ಸ್, ಟ್ರಿಪ್ ಎಂಜಾಯ್ ಮಾಡಿ' ಅಂತ ಉತ್ತರ ಬಂತು.

ಭಾನುವಾರ ವಿಂಡರ್‌ಮಿಯರ್, ಕರ್ಕ್‌ಸ್ಟೋನ್ ಘಾಟಿ, ಅಲ್ಸ್‌ವಾಟರ್, ಆಮೇಲೆ ಪೆನ್ರಿತ್‌ನಿಂದ ಹೈವೇ ಹಿಡಿದು ಸಂಜೆ ಆರರೊಳಗೆ ಲೀಡ್ಸ್. ಆಫೀಸ್ ಮುಚ್ಚಿತ್ತು. ಕೀನ ಡಬ್ಬಿಗೆ ಹಾಕಿ ಹೋಗಿ ಅಂತ ಚೀಟಿ ಅಂಟಿಸಿದ್ದರು. ಹಾಕಿ ಬಂದೆವು.

ಮಂಗಳವಾರ ಮಧ್ಯಾಹ್ನ, ನಾನು ಲ್ಯಾಬಿನಲ್ಲಿದ್ದಾಗ, ಮೇಲ್ ಬಂತು. ಕನ್ನಡಿಗೆ 85. ಎರಡು ಅಲಾಯ್ ಚಕ್ರಕ್ಕೆ 120ರಂತೆ 240. ಕಾರಿನ ಅಡಿಯ ಪ್ಲಾಸ್ಟಿಕ್ ತಟ್ಟೆ ಮುರಿದಿದೆ ಅಂತ 340. ರಿಪೇರಿಗೆ ಮೂರು ದಿನ ಕಾರು ನಿಲ್ಲುತ್ತೆ, ಅದರ ನಷ್ಟ 165. ಕಾಗದಪತ್ರದ ಖರ್ಚು 45. ಒಟ್ಟು 875. ಡಿಪಾಸಿಟ್ಟಿನಲ್ಲಿ ಮುರಿದುಕೊಂಡಿದ್ದೇವೆ, ಉಳಿದ 325 ವಾಪಸ್ ಬರುತ್ತೆ. ಕೇಳಿಲ್ಲ, ತೋರಿಸಿಲ್ಲ. ಮುರಿದುಕೊಂಡಾಗಿತ್ತು. ಮೇಲ್ ಓದುವಾಗ ಕೈ ತಣ್ಣಗಾಯಿತು.

ಫೋನ್ ಮಾಡಿದೆ. ಫುಲ್ ಕವರ್ ಇದೆಯಲ್ಲ ಅಂದೆ. 'ಚಕ್ರ, ಟೈರ್, ಗಾಜು, ಮೇಲ್ಛಾವಣಿ, ಅಡಿಭಾಗ ಕವರ್‌ನಲ್ಲಿ ಬರಲ್ಲ, ನೀವೇ ಸಹಿ ಹಾಕಿದ್ದೀರಿ' ಅಂದ. ಸರಿ, ಕನ್ನಡಿ ಬರಬೇಕಲ್ಲ? 'ಕವರ್ ಇದ್ದರೂ ಮೊದಲ 1,200 ಪೌಂಡ್ ನಿಮ್ಮದೇ ಜವಾಬ್ದಾರಿ.' ಹಾಗಾದರೆ 54 ಪೌಂಡ್ ಯಾವುದಕ್ಕೆ ತಗೊಂಡಿರಿ? ಅದಕ್ಕೆ ಉತ್ತರ ಇಲ್ಲ. 'ಇನ್ನು ಮುಂದೆ ಮೇಲ್‌ನಲ್ಲಿ ಮಾತಾಡಿ' ಅಂತ ಇಟ್ಟುಬಿಟ್ಟ. ಹೆಗಲ ಮೇಲೆ ಕೈ ಇಟ್ಟವನೇ ಅವನು. ಅದೇ ದನಿ.

ಮೇಲ್ ಮಾಡಿದೆ. ರಿಬಲ್‌ಹೆಡ್ ಫೋಟೋ ಕಳಿಸಿದೆ, ಗೀರು ಹಳೆಯದು ನೋಡಿ ಅಂತ. ಉತ್ತರ: 'ಈ ಫೋಟೋ ನೀವು ಕಾರು ಒಯ್ದ ಮರುದಿನದ್ದು. ನಿಮ್ಮ ಕೈಯಲ್ಲಿದ್ದಾಗಲೇ ಹಾನಿ ಆಗಿದೆ ಅನ್ನೋದಕ್ಕೆ ಇದೇ ಸಾಕ್ಷಿ.' ನಮ್ಮ ಸಾಕ್ಷಿಯನ್ನೇ ನಮ್ಮ ಮೇಲೆ ತಿರುಗಿಸಿದರು.

ಆಗ ದಾವಣಗೆರೆಯವಳು ನೆನಪು ಮಾಡಿಕೊಂಡಳು. ಶುಕ್ರವಾರ ಆ ಅಂಗಳದಿಂದಲೇ ಅವಳು ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಕಾರು ತೋರಿಸಿದ್ದಳು. ಅಮ್ಮ ಅಲ್ಲಿ ಖುಷಿಗೆ ಒಂದು ಸ್ಕ್ರೀನ್‌ಶಾಟ್ ತೆಗೆದಿದ್ದರು. ಊರಲ್ಲಿ ಆಗ ರಾತ್ರಿ ಹತ್ತೂವರೆ ದಾಟಿತ್ತು, ಪಾಪ ಎದ್ದು ಕೂತಿದ್ದರು. ಅದರಲ್ಲಿ ಮಗಳ ಮುಖದ ಪಕ್ಕ ಎಡಗಡೆ ಮುಂದಿನ ಚಕ್ರ ಅರ್ಧ ಕಾಣುತ್ತೆ. ಗೀರು ಕಾಣುತ್ತೆ. ಟೈಮ್ ಇದೆ, ಅಂಗಳದ ಗೋಡೆ ಇದೆ. ಗೆದ್ದೆವು ಅಂತ ಅಂದುಕೊಂಡೆವು. ಉತ್ತರ ಒಂದೇ ಸಾಲು: 'ಚಿತ್ರ ಸ್ಪಷ್ಟವಾಗಿಲ್ಲ, ಪರಿಗಣಿಸಲು ಆಗುವುದಿಲ್ಲ.' ಅದರ ಕೆಳಗೆ ಇನ್ನೊಂದು ಸಾಲು: 'ಕನ್ನಡಿಗೆ ಹಾನಿ ಮಾಡಿದ್ದನ್ನು ನೀವೇ ಬರೆದು ಒಪ್ಪಿಕೊಂಡಿದ್ದೀರಿ. ಉಳಿದ ಹಾನಿಯನ್ನು ತಿಳಿಸದೇ ಇರುವುದು ಬೇಸರದ ಸಂಗತಿ.'

ನಿಜ ಹೇಳಿದ್ದಕ್ಕೆ ನಮ್ಮನ್ನು ಸುಳ್ಳರು ಅಂದರು. ದುಡ್ಡಿಗಿಂತ ಈ ಮಾತು ನನ್ನನ್ನು ಜಾಸ್ತಿ ಸುಟ್ಟಿತು. ಸುಮ್ಮನೆ ಇದ್ದಿದ್ದರೆ ಅವರು ಇಷ್ಟು ಮಾತಾಡುತ್ತಿದ್ದರಾ ಅಂತ ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಅಡಿಭಾಗದ ಬಗ್ಗೆ ಕೇಳಿದರೆ, ಕಾರಿನ ಟ್ರ್ಯಾಕರ್‌ನಲ್ಲಿ ನೀವು ಬಟರ್‌ಟಬ್ಸ್‌ಗೆ ಹೋಗಿದ್ದು ಗೊತ್ತಾಗಿದೆ, ಅದು ಈ ಕಾರಿಗೆ ತಕ್ಕ ರಸ್ತೆ ಅಲ್ಲ ಅಂದರು. ಪೂರ್ತಿ ಡಾಂಬರು ಹಾಕಿದ ರಸ್ತೆ ಅದು! 2014ರಲ್ಲಿ ಟೂರ್ ಡಿ ಫ್ರಾನ್ಸ್ ಲೀಡ್ಸ್‌ನಿಂದ ಶುರುವಾದಾಗ ಸೈಕಲ್ಲುಗಳು ಓಡಿದ್ದು ಅದೇ ರಸ್ತೆಯಲ್ಲಿ. ಡೇಲ್ಸ್‌ಗೆ ಹೋಗ್ತೀವಿ ಅಂತ ನಾವು ಮೊದಲೇ ಹೇಳಿದ್ದೆವು. 'ಒಳ್ಳೇ ಜಾಗ, ಹೋಗಿ ಬನ್ನಿ' ಅಂದಿದ್ದು ಇವರೇ. ಮತ್ತೆ ಕಾರಿನ ಅಡಿಗೆ ಮಲಗಿ ನೋಡಿ ಯಾರು ಬಾಡಿಗೆಗೆ ತಗೋತಾರೆ? ಮುರಿದ ತಟ್ಟೆ ಅಂತ ಕಳಿಸಿದ ಫೋಟೋದಲ್ಲಿ ನಂಬರ್ ಪ್ಲೇಟೂ ಇಲ್ಲ, ತಾರೀಖೂ ಇಲ್ಲ.

ಇಷ್ಟರ ಮೇಲೆ ಇನ್ನೊಂದು. ಆ ಗುರುವಾರ, ಅಂದರೆ ರಿಪೇರಿಗೆ ನಿಂತಿರಬೇಕಾದ ಮೂರು ದಿನದ ಒಳಗೇ, ನಮ್ಮವನೊಬ್ಬ ಸೂಪರ್‌ಮಾರ್ಕೆಟ್ ಪಾರ್ಕಿಂಗ್‌ನಲ್ಲಿ ಅದೇ ಕಾರು ನೋಡಿದ. ಅದೇ ನಂಬರ್. ಬೇರೆ ಸ್ಟೂಡೆಂಟ್ಸ್ ಸಾಮಾನು ತುಂಬುತ್ತಿದ್ದರು. ಕನ್ನಡಿಯ ಮೇಲೆ ನನ್ನ ಗೀರು ಹಾಗೇ ಇತ್ತು. ಚಕ್ರದ ಗೀರುಗಳೂ ಹಾಗೇ. ಫೋಟೋ ತೆಗೆದು ಕಳಿಸಿದ. ಅದನ್ನು ಕಾರಿನ ಕಂಪನಿಗೂ ಕಳಿಸಿದೆ. ಉತ್ತರ: 'ರಿಪೇರಿ ಮಾಡಿಸಿದರೂ ಮಾಡಿಸದಿದ್ದರೂ ಅಂದಾಜು ವೆಚ್ಚ ವಸೂಲಿ ಮಾಡುವ ಹಕ್ಕು ನಮಗಿದೆ.' ನಷ್ಟದ 165 ಪೌಂಡ್ ಬಗ್ಗೆ ಒಂದಕ್ಷರ ಇಲ್ಲ. ಆಮೇಲೆ ಮೇಲ್‌ಗೆ ಉತ್ತರವೇ ಬರಲಿಲ್ಲ. ನಮಗಿಂತ ಮೊದಲು ಎಷ್ಟು ಜನ ಅದೇ ಎರಡು ಚಕ್ರಕ್ಕೆ ದುಡ್ಡು ಕಟ್ಟಿದರೋ. ಸಾಮಾನು ತುಂಬುತ್ತಿದ್ದ ಆ ಹುಡುಗರೂ ಕಟ್ಟಿರಬಹುದು. ನಮ್ಮವನು ಹೋಗಿ ಅವರಿಗೆ ಹೇಳಿದ. 'ಪರವಾಗಿಲ್ಲ, ಫುಲ್ ಕವರ್ ಇದೆ' ಅಂದರಂತೆ.

ಬ್ಯಾಂಕಿಗೆ ಹೋದೆ. ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಿಂದ ಹೋದ ದುಡ್ಡು ವಾಪಸ್ ಕೇಳುವ ಅರ್ಜಿ, ಹಾಕಿದರು. ಕಾರಿನವರು ನನ್ನ ಸಹಿ ಇರುವ ಕಾಂಟ್ರಾಕ್ಟ್ ಕಳಿಸಿದರು, ಅಲ್ಲಿಗೆ ಮುಗಿಯಿತು. ಕ್ರೆಡಿಟ್ ಕಾರ್ಡ್ ಆಗಿದ್ದರೆ 1974ರ ಕನ್ಸ್ಯೂಮರ್ ಕ್ರೆಡಿಟ್ ಆಕ್ಟ್‌ನ ಸೆಕ್ಷನ್ 75ರ ಕೆಳಗೆ ಬ್ಯಾಂಕನ್ನೇ ಕೇಳುವ ದಾರಿ ಇತ್ತಂತೆ. ಡೆಬಿಟ್‌ಗೆ ಅದು ಇಲ್ಲ. ಬಾಡಿಗೆ ಕಾರಿನವರದ್ದು ಬಿವಿಆರ್‌ಎಲ್‌ಎ ಅಂತ ಒಂದು ಸಂಘ ಇದೆ, ಅದರ ಸದಸ್ಯ ಕಂಪನಿಗಳ ಜೊತೆ ಜಗಳವಾದರೆ ಸಂಘ ಮಧ್ಯೆ ಬಂದು ನೋಡುತ್ತೆ. ಇವರು ಅದರ ಸದಸ್ಯರೇ ಅಲ್ಲ. ಬುಕ್ ಮಾಡೋ ಮೊದಲು ಎರಡು ನಿಮಿಷ ನೋಡಿದ್ದರೆ ಗೊತ್ತಾಗುತ್ತಿತ್ತು.

ಆದ್ದರಿಂದ ದಯವಿಟ್ಟು. ಹಗಲಲ್ಲಿ ಮಾತ್ರ ಕಾರು ತಗೊಳ್ಳಿ. ಕಾಯಿಸಿ ಕತ್ತಲು ಮಾಡಿದರೆ ಎದ್ದು ಬನ್ನಿ, ಟ್ರಿಪ್ ಹಾಳಾದರೂ ಪರವಾಗಿಲ್ಲ. ಗೋಡೆಗೆ ಒತ್ತಿ ನಿಲ್ಲಿಸಿದ್ದರೆ ಹೊರಗೆ ತೆಗೆಸಿ. ನಾಲ್ಕೂ ಚಕ್ರ, ಗಾಜು, ಫೋನ್ ಕೆಳಗೆ ಹಿಡಿದು ಅಡಿಭಾಗ, ಎಲ್ಲದರ ವಿಡಿಯೋ ಮಾಡಿ ಅಲ್ಲಿಂದಲೇ ಅವರಿಗೆ ಮೇಲ್ ಮಾಡಿ. ವಾಪಸ್ ಕೊಡುವಾಗಲೂ ಅಷ್ಟೇ. ಆಫೀಸ್ ಮುಚ್ಚಿರೋ ಹೊತ್ತಿಗೆ ಡಬ್ಬಿಗೆ ಕೀ ಹಾಕಬೇಡಿ. ಅವರು ಮಾರೋ ಫುಲ್ ಕವರ್ ನಂಬಬೇಡಿ. ಆ 1,200 ಪೌಂಡಿನ ಹೊರೆಗೆ ಅಂತಲೇ ಬೇರೆ ಕಡೆ ಎಕ್ಸೆಸ್ ಇನ್ಶೂರೆನ್ಸ್ ಸಿಗುತ್ತೆ, ಚಕ್ರ, ಅಡಿಭಾಗ ಅದರಲ್ಲಿ ಇದೆಯಾ ಅಂತ ಓದಿ ತಗೊಳ್ಳಿ. ಹೆಗಲ ಮೇಲೆ ಕೈ ಇಡುವವರನ್ನು ದೂರ ಇಡಿ.

875ನ್ನು ಏಳು ಜನ ಹಂಚಿಕೊಂಡೆವು, ತಲಾ 125. ನನ್ನ ತಪ್ಪು, ನಾನೇ ಕೊಡ್ತೀನಿ ಅಂದರೆ ಯಾರೂ ಕೇಳಲಿಲ್ಲ. ದಾವಣಗೆರೆಯವಳು ಸೆಪ್ಟೆಂಬರಿನಲ್ಲಷ್ಟೇ ಬಂದವಳು, ಆಗ ಅವಳಿಗೆ ಪಾರ್ಟ್‌ಟೈಮ್ ಕೆಲಸವೂ ಇರಲಿಲ್ಲ. 2024ರಲ್ಲಿ ಇಲ್ಲಿನ ಕನಿಷ್ಠ ಸಂಬಳ ಗಂಟೆಗೆ 11.44 ಪೌಂಡ್ ಇತ್ತು, ಆ ಲೆಕ್ಕಕ್ಕೆ ಅಷ್ಟು ದುಡ್ಡು ಹನ್ನೊಂದು ಗಂಟೆಯ ದುಡಿಮೆ. ಅವಳು ತಿಂಗಳಿಗೆ 25ರಂತೆ ಕೊಡುತ್ತಿದ್ದಾಳೆ. ಬೇಡ ಅಂದರೆ ಬೈಯುತ್ತಾಳೆ.

ಸ್ಟೂಡೆಂಟ್ಸ್ ಯೂನಿಯನ್‌ನ ಸಲಹೆಯವರ ಸಹಾಯದಿಂದ ಈಗ ಸ್ಮಾಲ್ ಕ್ಲೇಮ್ಸ್‌ಗೆ, ಅಂದರೆ ಸಣ್ಣ ಮೊತ್ತದ ಕೇಸು ನೋಡುವ ಕೋರ್ಟಿಗೆ, ಹೋಗುವ ಮೊದಲಿನ ನೋಟಿಸ್ ಕಳಿಸಿದ್ದೇನೆ. ಕನ್ನಡಿಯ 85 ಬಿಟ್ಟು ಉಳಿದ 790 ಕೇಳಿದ್ದೇನೆ. ಅದು ಮುಗಿಯೋವರೆಗೂ ಹೆಸರು ಬರೆಯಬೇಡ ಅಂದಿದ್ದಾರೆ, ಅದಕ್ಕೇ ಇಲ್ಲಿ ಬರೆದಿಲ್ಲ. ಲೀಡ್ಸ್‌ನಲ್ಲಿ ಈಸ್ಟರ್‌ಗೆ ಏಳು ಸೀಟಿನ ಕಾರು, ದಿನಕ್ಕೆ 55, ಡೆಬಿಟ್ ಕಾರ್ಡ್ ಸಾಕು ಅನ್ನೋ ಮೆಸೇಜ್ ನಿಮಗೂ ಬಂದಿದ್ದರೆ, ದುಡ್ಡು ಕಟ್ಟೋ ಮೊದಲು ನನಗೆ ಒಂದು ಮೆಸೇಜ್ ಹಾಕಿ. ಆ ಜೂನಿಯರ್ ಬುಕಿಂಗ್ ಕ್ಯಾನ್ಸಲ್ ಮಾಡಿದ್ದಾನೆ. ಬಸ್ಸಲ್ಲಿ ಹೋಗ್ತಾರಂತೆ.