ಮೂರು ಬ್ರೌಸರ್, ಒಂದು ಚೊಗರಿನ ಬಣ್ಣ

ಗೆಳೆಯರಿಬ್ಬರ ಜೊತೆ ಸೇರಿ ಸಣ್ಣದೊಂದು ಬ್ರೌಸರ್ ಕಟ್ಟುತ್ತಿದ್ದೇನೆ. ಕ್ರೋಮ್‌ಗೂ ಬುಡವಾದ ಕ್ರೋಮಿಯಂ ಎಂಬ ಮುಕ್ತ ಕೋಡಿನ ಮೇಲೆ ಕಟ್ಟಿದ್ದು, ಮೆನು ಎಲ್ಲ ಕನ್ನಡದಲ್ಲಿ. ಕೆಲಸ ಹಂಚಿಕೊಳ್ಳುವಾಗ ಥೀಮ್ ಮ್ಯಾನೇಜರ್, ಅಂದರೆ ಬ್ರೌಸರ್‌ನ ಬಣ್ಣ-ವೇಷ ಬದಲಿಸುವ ಭಾಗ, ನನ್ನ ಪಾಲಿಗೆ ಬಂತು. ಬಣ್ಣ ಬದಲಿಸೋದು ತಾನೆ, ವಾರದ ಕೆಲಸ ಅಂದುಕೊಂಡು ಒಪ್ಪಿದೆ. ಜೂನ್‌ನಲ್ಲಿ ಶುರು ಮಾಡಿದ್ದು. ಈಗ ತೀರ್ಥಹಳ್ಳಿ ಕಡೆ ಗದ್ದೆ ನೆಟ್ಟಿ ಮುಗಿದಿದೆ, ನನ್ನ ಥೀಮ್ ಮ್ಯಾನೇಜರ್ ಮುಗಿದಿಲ್ಲ.

ಗೀಚುವ ಮೊದಲು ಬೇರೆಯವರು ಹೇಗೆ ಮಾಡಿದ್ದಾರೆ ನೋಡೋಣವೆಂದು ಫೈರ್‌ಫಾಕ್ಸ್, ಕ್ರೋಮ್, ವಿವಾಲ್ಡಿ ಮೂರನ್ನೂ ತಲಾ ಒಂದು ವಾರ ಬಳಸಿದೆ. ಮೂರರಲ್ಲೂ ಒಂದೇ ಥೀಮ್ ಮಾಡುವುದು ಅಂತ ಪಂಥ. ಬಣ್ಣಕ್ಕೆ ದೂರ ಹೋಗಬೇಕಾಗಲಿಲ್ಲ. ಹಸಿ ಅಡಿಕೆ ಸುಲಿದು ಚೊಗರು (ಹಿಂದಿನ ಅಡಿಕೆ ಬೇಯಿಸಿ ಉಳಿದ ಕೆಂಪು ನೀರು) ಹಾಕಿ ಬೇಯಿಸಿ ಒಣಗಿಸಿದ ಮೇಲೆ ರಾಶಿ ಅಡಿಕೆಗೆ ಬರುವ ಕೆಂಪು ಇದೆಯಲ್ಲ, ಅದು. ಕಳೆದ ಸುಗ್ಗಿಯಲ್ಲಿ ಅಂಗಳದಲ್ಲಿ ತೆಗೆದ ಫೋಟೊದಿಂದ ಎತ್ತಿಕೊಂಡೆ: ಕೆಂಪು 122, ಹಸಿರು 46, ನೀಲಿ 29. ಥೀಮಿನ ಹೆಸರೂ 'ಚೊಗರು'.

ಪರೀಕ್ಷೆಗೆ ಕೂರಿಸಿದ್ದು ಇಬ್ಬರನ್ನು. ಒಬ್ಬರು ಅಪ್ಪಯ್ಯ. ಕಣ್ಣಿನ ಪೊರೆ ತೆಗೆಸಿದ್ದಾರೆ, ದಿನಾ ಸಂಜೆ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ದರ ನೋಡದೆ ಊಟಕ್ಕೆ ಏಳುವವರಲ್ಲ. ಇನ್ನೊಬ್ಬ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಗೆಳೆಯ. ಪಹಣಿ ಪ್ರಿಂಟು, ಸ್ಕಾಲರ್‌ಶಿಪ್ ಅರ್ಜಿ ಅಂತ ಬೆಳಗಿಂದ ರಾತ್ರಿವರೆಗೆ ಬ್ರೌಸರ್‌ನಲ್ಲೇ ಮುಳುಗಿರುತ್ತಾನೆ.

ಫೈರ್‌ಫಾಕ್ಸ್‌ನಿಂದ ಶುರು ಮಾಡಿದೆ, ಹಳೇ ಋಣ. 2010ರಲ್ಲಿ 3.6 ಆವೃತ್ತಿ ಬಂದಾಗ ಪರ್ಸೋನಾ ಅಂತ ಇತ್ತು. ಮೇಲ್ಭಾಗಕ್ಕೆ 3000 ಪಿಕ್ಸೆಲ್ ಅಗಲ, 200 ಪಿಕ್ಸೆಲ್ ಎತ್ತರದ ಚಿತ್ರವೊಂದನ್ನು ಹೊದಿಸುವ ಏರ್ಪಾಡು. ಗ್ಯಾಲರಿಯ ಚಿತ್ರದ ಮೇಲೆ ಮೌಸ್ ಆಡಿಸಿದರೆ ಸಾಕು, ಬ್ರೌಸರ್ ಆ ಕ್ಷಣಕ್ಕೆ ಅದನ್ನು ಉಟ್ಟು ತೋರಿಸುತ್ತಿತ್ತು. ಮೌಸ್ ಸರಿಸಿದರೆ ಮೊದಲಿನ ವೇಷ. ಸೀರೆ ಅಂಗಡಿಯಲ್ಲಿ ಸೆರಗು ಹೆಗಲ ಮೇಲೆ ಹಾಕಿ ಕನ್ನಡಿಯಲ್ಲಿ ನೋಡಿದ ಹಾಗೆ. ಬಟನ್ನಿನ ಆಕಾರದವರೆಗೆ ಎಲ್ಲವನ್ನೂ ಬದಲಿಸುತ್ತಿದ್ದ ಪೂರ್ಣ ಥೀಮ್‌ಗಳೂ ಆಗ ಇದ್ದವು. 2017ರ ನವೆಂಬರಿನಲ್ಲಿ ಬಂದ 57ನೇ ಆವೃತ್ತಿಯೊಂದಿಗೆ ಅವು ಹೋದವು.

ಈಗಿನ ಪುಟ ಸರಳ. ಆಡ್-ಆನ್ (ಬ್ರೌಸರ್‌ಗೆ ಸೇರಿಸುವ ಬಿಡಿ ತುಣುಕು) ಪುಟದಲ್ಲಿ ಥೀಮ್‌ಗಳದ್ದೇ ವಿಭಾಗ, ಪ್ರತಿ ಥೀಮಿಗೊಂದು ಚಿತ್ರದ ಚೀಟಿ, ಒಂದನ್ನು ಚಾಲೂ ಮಾಡಿದರೆ ಇನ್ನೊಂದು ತಾನಾಗಿ ನಿಲ್ಲುತ್ತದೆ. ನಿಂತದ್ದು ಎಲ್ಲಿಗೂ ಹೋಗುವುದಿಲ್ಲ, ಕೆಳಗೆ ಪಟ್ಟಿಯಲ್ಲೇ ಇರುತ್ತದೆ. ಇದು ಎಷ್ಟು ದೊಡ್ಡ ಅನುಕೂಲ ಅಂತ ಆ ವಾರ ಗೊತ್ತಾಗಲಿಲ್ಲ, ಮುಂದಿನ ವಾರ ಗೊತ್ತಾಯಿತು.

ಚೊಗರು ಥೀಮ್ ಬರೆಯುವುದೂ ಸಲೀಸು. ಮ್ಯಾನಿಫೆಸ್ಟ್ ಅನ್ನುವ ಒಂದೇ ಪಠ್ಯ ಕಡತ (ಜೇಸನ್ ಎಂಬ ಬಗೆಯದು), ಅದರಲ್ಲಿ ಚೌಕಟ್ಟಿನ ಬಣ್ಣ ಇದು, ಟ್ಯಾಬ್ ಅಕ್ಷರದ ಬಣ್ಣ ಇದು ಎಂದು ಹತ್ತು ಹನ್ನೆರಡು ಸಾಲು. ತಾತ್ಕಾಲಿಕ ಆಡ್-ಆನ್ ಆಗಿ ಏರಿಸಿ, ಹಿಗ್ಗಿ, ಅಡುಗೆ ಮನೆಯಿಂದ ಅಮ್ಮನನ್ನು ಕರೆದು ತೋರಿಸಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತು, ಬದಲಿಸದೆ ಕೂತಿದ್ದು ನಾನೇ. ಮತ್ತೆ ಚಾಲೂ ಮಾಡಿದರೆ ಚೊಗರು ಮಾಯ. ತಾತ್ಕಾಲಿಕ ಅಂದರೆ ಬ್ರೌಸರ್ ಮುಚ್ಚುವವರೆಗೆ ಮಾತ್ರ. ಕಾಯಂ ಉಳಿಯಬೇಕೆಂದರೆ ಫೈರ್‌ಫಾಕ್ಸ್ ಕಟ್ಟುವ ಮೊಜಿಲ್ಲಾದಿಂದ ಸಹಿ ಹಾಕಿಸಿಕೊಳ್ಳಬೇಕು. ಕಡತ ಉಳಿದಿತ್ತು, ಮತ್ತೆ ಏರಿಸಿದೆ. ಕೋಡ್ ಬರೆಯಲು ಬೇಸರವಿದ್ದವರಿಗೆ ಫೈರ್‌ಫಾಕ್ಸ್ ಕಲರ್ ಅನ್ನುವುದಿದೆ, 2018ರಿಂದ. ಬಣ್ಣ ಆರಿಸಿ ಕೊಂಡಿಯನ್ನೇ ಗೆಳೆಯರಿಗೆ ಕಳಿಸಬಹುದು.

ಎಡವಿದ್ದು ಅಕ್ಷರದಲ್ಲಿ. ಮೊದಲ ಸಲ ಅವಸರದಲ್ಲಿ ಟ್ಯಾಬ್ ಅಕ್ಷರಕ್ಕೆ ಕಪ್ಪು ಕೊಟ್ಟಿದ್ದೆ. ಫೈರ್‌ಫಾಕ್ಸ್ ಹೇಳಿದ್ದನ್ನು ಹೇಳಿದ ಹಾಗೇ ಮಾಡಿತು, ಚಕಾರ ಎತ್ತಲಿಲ್ಲ. ನನಗೇನೋ ಓದಲು ಬರುತ್ತಿತ್ತು. ಅಪ್ಪಯ್ಯ ಕನ್ನಡಕ ಮೇಲೆ ಕೆಳಗೆ ಮಾಡಿ, "ಇದರಲ್ಲಿ ಎಂತ ಬರೆದಿದ್ಯಾ ಮಾರಾಯ, ಬರೀ ಕೆಂಪು ಕಾಣ್ತು" ಅಂದರು.

ಲೆಕ್ಕ ಹಾಕಿದಾಗ ಅವರದ್ದೇ ಸರಿ. ಓದುವ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಹೊಳಪಿನ ಅಂತರ ಇರಬೇಕು ಅನ್ನುತ್ತದೆ ವೆಬ್ಬಿನ ಸುಗಮ ಬಳಕೆಯ ನಿಯಮಾವಳಿ ಡಬ್ಲ್ಯುಸಿಎಜಿ. ಎರಡೂ ಬಣ್ಣಗಳ ಹೊಳಪು ತೆಗೆದು, ಎರಡಕ್ಕೂ 0.05 ಕೂಡಿಸಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸುವುದು. ಹೊಳಪಿನ ಲೆಕ್ಕದಲ್ಲಿ ಹಸಿರಿಗೆ 0.7152 ಪಾಲು, ಕೆಂಪಿಗೆ 0.2126, ನೀಲಿಗೆ ಬರೀ 0.0722. ಹಾಗಾಗಿ ಕೆಂಪು ಎಷ್ಟೇ ಕಣ್ಣಿಗೆ ಹೊಡೆದರೂ ಲೆಕ್ಕದಲ್ಲಿ ಕತ್ತಲೆಯ ಪಕ್ಷವೇ. ನನ್ನ ಚೊಗರಿನ ಮೇಲೆ ಕಪ್ಪಿಗೆ ಸಿಕ್ಕಿದ್ದು 2.2. ಬಿಳಿಗೆ 9.4. ನಾಲ್ಕು ಪಟ್ಟಿಗೂ ಹೆಚ್ಚು.

ಕ್ರೋಮ್ ಇಲ್ಲಿ ಪೂರ್ತಿ ಬೇರೆ ಜಾತಿ. ಹೊಸ ಟ್ಯಾಬಿನ ಬಲ ಮೂಲೆಯ ಬಟನ್ ಒತ್ತಿದರೆ ಪಕ್ಕದಲ್ಲಿ ಪಟ್ಟಿ ತೆರೆದುಕೊಳ್ಳುತ್ತದೆ, ಬಣ್ಣದ ಬಿಲ್ಲೆಗಳು ಸಾಲಾಗಿ. ಮುಟ್ಟಿದ ತಕ್ಷಣ ಇಡೀ ಕಿಟಕಿ ಬದಲು. 'ಅನ್ವಯಿಸು' ಎಂಬ ಬಟನ್ನೇ ಇಲ್ಲ. ನೀವು ಕೊಡುವುದು ಬೀಜದಂತೆ ಒಂದು ಬಣ್ಣ. ಟ್ಯಾಬಿಗೆ, ಪಟ್ಟಿಗೆ, ಅಕ್ಷರಕ್ಕೆ ಯಾವ ಛಾಯೆ ಎಂದು ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ಚೊಗರು ಕೊಟ್ಟೆ. ಬಂದದ್ದು ಮೆತ್ತನೆಯ ಗುಲಾಬಿ. ರಾಶಿ ಅಡಿಕೆಯಲ್ಲ, ಮಗುವಿನ ಸ್ವೆಟರ್. ಆದರೆ ಅಪ್ಪಯ್ಯ ಪ್ರತಿ ಅಕ್ಷರ ಓದಿದರು. ನನ್ನ ಬಣ್ಣ ಕಸಿದುಕೊಂಡು ಅವರಿಗೆ ಓದಲು ಕೊಟ್ಟಿತು ಅನ್ನಬೇಕು. ಕಪ್ಪು ಮೋಡ್‌ಗೆ ಹಾಕಿದಾಗ ಸ್ವಲ್ಪ ಅಡಿಕೆಯ ಕಳೆ ಬಂತು.

ಕ್ರೋಮ್‌ನ ವೆಬ್ ಅಂಗಡಿಯಿಂದ ತಂದು ಹಾಕುವ ಥೀಮ್‌ಗಳ ಕಥೆ ಬೇರೆ. ಕ್ರೋಮ್‌ನಲ್ಲಿ ಹೊಸದು ಬಂದರೆ ಹಳೆಯದರ ಜಾಗಕ್ಕೇ ಬಂದು ಕೂರುತ್ತದೆ. ಹಾಕಿದ ಕೂಡಲೇ ರದ್ದು ಮಾಡುವ ಅವಕಾಶವನ್ನು ಮೇಲೊಂದು ಪಟ್ಟಿ ಕೊಡುತ್ತದೆ. ಅದನ್ನು ದಾಟಿಸಿಬಿಟ್ಟರೆ ಹಳೆಯದನ್ನು ಮತ್ತೆ ಅಂಗಡಿಯಲ್ಲೇ ಹುಡುಕಬೇಕು. ಮಳೆಯ ಕಾಡಿನ ಚಿತ್ರದ ಒಂದನ್ನು ಹಾಕಿಕೊಂಡಿದ್ದೆ, ಹೆಸರು ಬರೆದಿಟ್ಟುಕೊಳ್ಳಲಿಲ್ಲ, ಇನ್ನೊಂದು ಹಾಕಿದೆ. ಇವತ್ತಿಗೂ ಸಿಕ್ಕಿಲ್ಲ. ಫೈರ್‌ಫಾಕ್ಸ್‌ನ ಆ ಬಡಪಾಯಿ ಪಟ್ಟಿ ಆಗ ನೆನಪಾಯಿತು.

ಇಷ್ಟಾದರೂ ದುರ್ಗಿಗುಡಿಯ ಗೆಳೆಯ ಕ್ರೋಮ್ ಬಿಡುವುದಿಲ್ಲ ಅಂದ. ಅವನಿಗೆ ಥೀಮ್ ಅಂದರೆ ಅಲಂಕಾರವಲ್ಲ. ಮೂರು ಪ್ರೊಫೈಲ್, ಅಂದರೆ ಒಂದೇ ಬ್ರೌಸರ್‌ನಲ್ಲಿ ಮೂರು ಪ್ರತ್ಯೇಕ ಖಾತೆ, ಇಟ್ಟುಕೊಂಡಿದ್ದಾನೆ: ಅಂಗಡಿಯದು ನೀಲಿ, ಗಿರಾಕಿಗಳದು ಹಸಿರು, ಸ್ವಂತದ್ದು ಕಪ್ಪು. ಪ್ರೊಫೈಲಿಗೊಂದು ಬಣ್ಣ. "ಯಾರದೋ ಅರ್ಜಿಗೆ ನನ್ನ ಮೇಲ್ ಐಡಿ ಹಾಕಿ ಕಳಿಸಿದ್ದೆ ಒಂದ್ಸಲ. ಈಗ ಹಸಿರಿಲ್ಲದೆ ಅರ್ಜಿ ತುಂಬಲ್ಲ" ಅಂದ. ಅಂಗಡಿಯಲ್ಲಿ ಅರ್ಧ ಗಂಟೆ ನಿಂತು ನೋಡಿದೆ. ಟ್ಯಾಬಿನ ಹೆಸರನ್ನು ಒಮ್ಮೆಯೂ ಓದಲಿಲ್ಲ, ಕಣ್ಣು ಬಣ್ಣಕ್ಕೇ ಹೋಗುತ್ತಿತ್ತು. ಗ್ಯಾಲರಿ, ಚಿತ್ರ, ಅಂಚಿನ ದುಂಡಗೆ ಎಂದು ನಾನು ಎರಡು ವಾರ ತಲೆ ಕೆಡಿಸಿಕೊಂಡದ್ದರಲ್ಲಿ ಅವನಿಗೆ ಬೇಕಾದದ್ದು ಒಂದೂ ಇರಲಿಲ್ಲ.

ವಿವಾಲ್ಡಿ ನನ್ನಂಥವರಿಗಾಗಿ ಮಾಡಿದ್ದು, ಅಂದರೆ ಕೆಲಸ ಬಿಟ್ಟು ಬಣ್ಣ ತಿದ್ದುತ್ತಾ ಕೂರುವವರಿಗೆ. ಹಿಂದೆ ಓಪೆರಾ ಎಂಬ ಬ್ರೌಸರ್ ಕಟ್ಟಿದ ಯೋನ್ ಫಾನ್ ಟೆಟ್ಸ್‌ನರ್ ಶುರು ಮಾಡಿದ ಬ್ರೌಸರ್, 2016ರಲ್ಲಿ ಮೊದಲ ಆವೃತ್ತಿ ಬಂತು. ಹಿನ್ನೆಲೆ, ಅಕ್ಷರ, ಹೈಲೈಟ್, ಆಕ್ಸೆಂಟ್ ಎಂದು ನಾಲ್ಕು ಬಣ್ಣ ಕೊಡಬಹುದು, ಮೂಲೆಗಳನ್ನು ಎಷ್ಟು ದುಂಡಗೆ ಮಾಡಬೇಕೆಂದು ಎಳೆದು ಹೇಳಬಹುದು. 2021ರ ಡಿಸೆಂಬರಿನ 5.0ರಿಂದ ಥೀಮನ್ನು ಹಂಚಿಕೊಳ್ಳಲೂಬಹುದು. ಮೂರರಲ್ಲಿ ಚೊಗರು ಚೊಗರಾಗಿ, ಅಕ್ಷರವೂ ಕಾಣುವಂತೆ, ಕೋಡ್ ಬರೆಯದೆ ಬಂದದ್ದು ಇಲ್ಲಿ ಮಾತ್ರ. ನೋಡುತ್ತಿರುವ ಪುಟದ ಬಣ್ಣವನ್ನೇ ಟ್ಯಾಬ್ ಪಟ್ಟಿಗೆ ಬಳಿದುಕೊಳ್ಳುವ ಆಯ್ಕೆಯೂ ಇದೆ. ಮೊದಲ ದಿನ ಚೆಂದ, ಮೂರನೇ ದಿನ ನಿಲ್ಲಿಸಿದೆ.

ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ವೇಳಾಪಟ್ಟಿ. ಇಂಥ ಹೊತ್ತಿಗೆ ಇಂಥ ಥೀಮ್ ಎಂದು ನಿಗದಿ ಮಾಡಬಹುದು, ಇಲ್ಲವೇ ಆಪರೇಟಿಂಗ್ ಸಿಸ್ಟಮ್ ಬೆಳಕು-ಕತ್ತಲೆ ಬದಲಿಸಿದಾಗ ಜೊತೆಗೆ ಬದಲಾಗಲಿ ಅನ್ನಬಹುದು. ಸಂಜೆ 6.30ಕ್ಕೆ ಕಪ್ಪು ಎಂದು ಹಾಕಿಟ್ಟೆ. ಅಪ್ಪಯ್ಯ ಬೆಟ್ಟೆ ದರ ನೋಡುತ್ತಿದ್ದಾಗ ಗಂಟೆ ಆಯಿತು, ಕಿಟಕಿ ಕಪ್ಪಾಯಿತು. "ಹಾಳಾತನಾ ಇದು?" ಅಂತ ಮೌಸ್ ಬಿಟ್ಟು ಕೈ ಎತ್ತಿಬಿಟ್ಟರು. ಹೇಳದೆ ಕೇಳದೆ ಹಾಕಿಟ್ಟ ತಪ್ಪು ನನ್ನದೇ.

ಇನ್ನೊಂದು ವಿಚಾರ ನಮ್ಮ ಸೀಮೆಯದು. ಜುಲೈ ತಿಂಗಳಲ್ಲಿ ಇಲ್ಲಿ ಮಧ್ಯಾಹ್ನ ಮೂರಕ್ಕೇ ದೀಪ ಹಚ್ಚಬೇಕು. ಮೋಡ ಇಳಿದು ತೋಟವೇ ಕಾಣದಾಗುತ್ತದೆ, ಆ ಹೊತ್ತಿನಲ್ಲಿ ಬಿಳಿ ಪರದೆ ಟಾರ್ಚ್ ಬಿಟ್ಟ ಹಾಗೆ ಕಣ್ಣಿಗೆ ರಾಚುತ್ತದೆ. ಹತ್ತು ನಿಮಿಷ ಬಿಟ್ಟು ಬಿಸಿಲು. ಮಲೆನಾಡಿನ ಮಳೆಗಾಲಕ್ಕೆ ಗಡಿಯಾರದ ಮಾತು ತಿಳಿಯುವುದಿಲ್ಲ. ಹಾಗಾಗಿ ನಮ್ಮ ಬ್ರೌಸರ್‌ನಲ್ಲಿ ವೇಳಾಪಟ್ಟಿ ಬಿಟ್ಟು, ಬೆಳಕು-ಕತ್ತಲೆಗೆ ಒಂದು ಕೀಲಿ ಇಟ್ಟೆ. ಒತ್ತಿದರೆ ಆ ಕಡೆ, ಮತ್ತೆ ಒತ್ತಿದರೆ ಈ ಕಡೆ. ಚೌಕಟ್ಟು ಮಾತ್ರ ಕಪ್ಪಾಗಬೇಕೋ ಪುಟಗಳೂ ಕಪ್ಪಾಗಬೇಕೋ ಅನ್ನುವುದಕ್ಕೆ ಫೈರ್‌ಫಾಕ್ಸ್‌ನಲ್ಲಿ ಪ್ರತ್ಯೇಕ ಆಯ್ಕೆ ಇದೆ. ಅದನ್ನು ಇದ್ದ ಹಾಗೇ ಎತ್ತಿಕೊಂಡೆ.

ಉಳಿದದ್ದರಲ್ಲಿ ಮೂರು ಮನೆಯಿಂದಲೂ ಸಾಲ ತಂದಿದ್ದೇನೆ. ಪಟ್ಟಿ ಫೈರ್‌ಫಾಕ್ಸ್‌ನದು: ಹಳೆಯದು ಕಣ್ಣೆದುರೇ ಇರಬೇಕು. ಮುಟ್ಟಿದ ತಕ್ಷಣ ಬದಲಾಗುವುದು, ಪ್ರೊಫೈಲಿಗೊಂದು ಬಣ್ಣ, ಇವೆರಡು ಕ್ರೋಮ್‌ನವು. ನಾಲ್ಕು ಬಣ್ಣದ ತಿದ್ದುಗೆ ವಿವಾಲ್ಡಿಯದು, ಆದರೆ ಎರಡನೇ ಪುಟದಲ್ಲಿ, ಹುಡುಕಿಕೊಂಡು ಬಂದವರಿಗೆ. ಅಂತರ 4.5ಕ್ಕಿಂತ ಕಡಿಮೆಯಾದರೆ ತಡೆಯುವುದಿಲ್ಲ. 'ಓದಲು ಕಷ್ಟ' ಎಂಬ ಸಾಲು ಬರುತ್ತದೆ, ಪಕ್ಕದಲ್ಲೇ ಅಕ್ಷರವನ್ನು ಬಿಳಿ ಮಾಡುವ ಬಟನ್. ಬಣ್ಣ ಅವರದು, ಕಣ್ಣೂ ಅವರದೇ.

ಥೀಮಿನ ಚೀಟಿಯ ಮೇಲೆ ಮಾದರಿಗೆ ಬಳಸುವ ಸಾಲು ಮಾತ್ರ ಈ ಮೂರರಲ್ಲಿ ಯಾರದ್ದೂ ಅಲ್ಲ. ಮೊದಲ ಪ್ರಯತ್ನದಲ್ಲಿ ಜಾಗ ಉಳಿಸಲೆಂದು ಟ್ಯಾಬಿನ ಎತ್ತರವನ್ನು 26 ಪಿಕ್ಸೆಲ್‌ಗೆ ಇಳಿಸಿದ್ದೆ. ಇಂಗ್ಲಿಷ್ ಹೆಸರುಗಳು ಲಕ್ಷಣವಾಗಿ ಕೂತವು. ಕನ್ನಡ ಪುಟ ತೆರೆದರೆ 'ಶಿವಮೊಗ್ಗ' ಹೋಗಿ 'ಶಿವಮೊಗ' ಆಗಿತ್ತು, ಕೆಳಗಿನ ಒತ್ತು ಕತ್ತರಿಸಿ ಹೋಗಿತ್ತು. ಎತ್ತರ ಹೆಚ್ಚಿಸಿದ ಮೇಲೆ ಒತ್ತು ಬಂತು, ಆದರೆ ಚೊಗರಿನ ಮೇಲೆ ಬೂದು ಅಕ್ಷರ ಕೊಟ್ಟಾಗ ಮೂಲಾಕ್ಷರ ಕಂಡರೂ ಒತ್ತು ಮಸುಕು. ಗೆರೆ ತೆಳ್ಳಗಾದಷ್ಟೂ ಅಂತರ ಹೆಚ್ಚು ಬೇಕು. ಅದಕ್ಕೇ ಈಗ ಪ್ರತಿ ಥೀಮಿನ ಚೀಟಿಯ ಮೇಲೆ 'ಶಿವಮೊಗ್ಗ ಅಡಿಕೆ ಮಾರುಕಟ್ಟೆ' ಎಂದು ಬರೆಸಿದ್ದೇನೆ. ಗಕ್ಕೆ ಗ, ಟಕ್ಕೆ ಟ ಕಂಡರೆ ಪಾಸು.

ಹಿಂದಿನ ಥೀಮಿಗೆ ಮರಳುವ ಬಟನ್ನಿಗೆ ಹೆಸರು ಇಡುವುದರಲ್ಲಿ ಮತ್ತೆ ಮೂರು ದಿನ ಹೋಯಿತು. 'ರದ್ದುಗೊಳಿಸು' ಅಂದರೆ ಗೆಳೆಯ ಅರ್ಜಿಯೇ ರದ್ದಾಗುತ್ತದೇನೋ ಅಂತ ಒತ್ತಲಿಲ್ಲ. 'ಹಿಂತಿರುಗಿಸು' ಅಂದಾಗ ಹಿಂದಿನ ಪುಟಕ್ಕೆ ಹೋಗುವ ಬಾಣ ಅಂದುಕೊಂಡ. ಕೊನೆಗೆ ಅಪ್ಪಯ್ಯನ ಮುಂದೆ ಒಂದಾದ ಮೇಲೊಂದು ಥೀಮ್ ಬದಲಿಸುತ್ತಾ ಕೂತೆ. ಆರನೆಯದಕ್ಕೆ ಅವರು ಪರದೆಯಿಂದ ಕಣ್ಣು ತೆಗೆಯದೆ, "ಹಳೇದೇ ಇರ್ಲಿ ಬಿಡು" ಅಂದರು. 'ಬಿಡು' ತೆಗೆದು ಉಳಿದದ್ದನ್ನು ಬಟನ್ನಿನ ಮೇಲೆ ಹಾಕಿದ್ದೇನೆ.