ಹರಳುಗಟ್ಟಿದ ಜೇನು ಕರಗಿಸಲು ಹಂಡೆಯ ಬಿಸಿನೀರೋ, ಅಲ್ಟ್ರಾಸಾನಿಕ್ ತೊಟ್ಟಿಯೋ?

ಜೇನನ್ನು ಗಾಜಿನ ಬಾಟಲಿಯಲ್ಲಿ ಮಾರುವವರಾದರೆ ಅಲ್ಟ್ರಾಸಾನಿಕ್ ತೊಟ್ಟಿಯನ್ನೇ ಕೊಳ್ಳಿ, ಅಂದರೆ ಕಿವಿಗೆ ಕೇಳದ ಶಬ್ದದ ಅಲೆಗಳನ್ನು ನೀರಿನಲ್ಲಿ ಹಾಯಿಸುವ ತೊಟ್ಟಿ. ಹಂಡೆಯ ಬಿಸಿನೀರು ಅಗ್ಗ, ನಿಜ. ಆದರೆ ಹೊಸನಗರ, ಸಾಗರದ ಕಡೆಯ ರಬ್ಬರ್ ತೋಟದ ಜೇನು ಬಲುಬೇಗ ಗಟ್ಟಿಯಾಗುತ್ತೆ, ಅದಕ್ಕೆ ಹಂಡೆ ಸಾಲದು.

ಗಟ್ಟಿ ಜೇನು ಬಾಟಲಿಯೊಳಗೆ ಅಲುಗುವುದಿಲ್ಲ. ಗಾಜಿಗೆ ತಾಗಿದ ಪದರ ಕರಗುತ್ತೆ, ನಡುವಿನ ಉಂಡೆ ಹಾಗೇ ಕೂತಿರುತ್ತೆ. ಆಗ ಉರಿ ಹೆಚ್ಚಿಸಿದರೆ ಬಣ್ಣ ಕಪ್ಪಾಗಿ, ಪರಿಮಳ ಹೋಗಿ, ಎಚ್‌ಎಂಎಫ್ (ಜೇನಿನ ಸಕ್ಕರೆ ಕಾದಾಗ ಹುಟ್ಟುವ ವಸ್ತು) ಏರುತ್ತೆ. ಅದಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಟ್ಟ ಮಿತಿ ಕಿಲೋಗೆ 80 ಮಿಲಿಗ್ರಾಂ. ಮುಚ್ಚಳ ತೆಗೆದು ಕದಡೋಣವೆಂದರೆ ನಮ್ಮ ಮಳೆಗಾಲದ ಗಾಳಿಯ ತೇವವನ್ನೆಲ್ಲ ಜೇನು ಎಳೆದುಕೊಳ್ಳುತ್ತೆ. ತೇವಾಂಶ ಶೇ 20 ದಾಟಿದ ಜೇನು ಹುಳಿಯದೆ ಉಳಿಯುವುದು ಕಷ್ಟ.

40 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 40 ಸಾವಿರ ಸಲ ಕಂಪಿಸುವ ತೊಟ್ಟಿಯಲ್ಲಿ 45 ಡಿಗ್ರಿ ನೀರು ಸಾಕು. ಅಲೆಗಳು ಗಾಜು ದಾಟಿ ಹರಳಿನ ಗುಚ್ಛಗಳನ್ನು ಬಿಡಿಸುತ್ತವೆ, ಬಾಟಲಿಯ ಸುತ್ತ ನಿಂತ ನೀರನ್ನೂ ಕದಡುತ್ತವೆ, ಶಾಖ ಬೇಗ ಒಳಗಿಳಿಯುತ್ತೆ. ಮುಚ್ಚಳ ಬಿಗಿಯಾಗೇ ಇರಲಿ.

ತಲೆನೋವು ಒಂದೇ: ಯಂತ್ರ ಗುಂಯ್‌ಗುಡುತ್ತಿದ್ದರೂ ಜೇನು ಕರಗದಿರುವುದು. ಮೊದಲು ನೀರು ನೋಡಿ. ಆಗತಾನೆ ನಲ್ಲಿಯಿಂದ ಹಿಡಿದ ನೀರಿನಲ್ಲಿ ಗಾಳಿ ಕರಗಿರುತ್ತೆ. ಅದು ಸಣ್ಣ ಗುಳ್ಳೆಗಳಾಗಿ ಬಾಟಲಿಗೆ ಅಂಟಿ ಅಲೆಯನ್ನು ತಡೆಯುತ್ತೆ. ಬಾಟಲಿ ಇಡುವ ಮುಂಚೆ ಬರೀ ನೀರು ಹಾಕಿ ಹತ್ತು ನಿಮಿಷ ಓಡಿಸಿ. ನೀರಿಲ್ಲದೆ ಮಾತ್ರ ಓಡಿಸಲೇಬೇಡಿ, ಅಲೆ ಹುಟ್ಟಿಸುವ ಭಾಗವಾದ ಟ್ರಾನ್ಸ್‌ಡ್ಯೂಸರ್ ಹಾಳಾಗುತ್ತೆ.

ಇಷ್ಟಾದರೂ ಕರಗದಿದ್ದರೆ ಬಾಟಲಿಯ ಜಾಗ ತಪ್ಪಿರುತ್ತೆ. 40 ಕಿಲೋಹರ್ಟ್ಸ್ ಕಂಪನಕ್ಕೆ ನೀರಿನಲ್ಲಿ ಅಲೆಯುದ್ದ ಸುಮಾರು 3.7 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಎರಡು ಸೆಂಟಿಮೀಟರಿಗೊಮ್ಮೆ ಬಲವಾದ ಪಟ್ಟಿ, ನಡುವೆ ದುರ್ಬಲ ಪಟ್ಟಿ. ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಒಂದು ನಿಮಿಷ ನೀರಿನಲ್ಲಿ ನೆಟ್ಟಗೆ ಇಳಿಬಿಡಿ. ಗುಳಿ, ತೂತು ಬಿದ್ದಲ್ಲಿ ಅಲೆ ಜೋರು. ಬಾಟಲಿಯನ್ನು ಅಲ್ಲಿಟ್ಟು ಆಗಾಗ ತಿರುಗಿಸಿ, ತಳಕ್ಕೆ ತಾಗಿಸದೆ, ತೊಟ್ಟಿಯೊಳಗೆ ತೂಗುವ ಬುಟ್ಟಿಯಲ್ಲೇ ಇಡಿ.

ಪ್ಲಾಸ್ಟಿಕ್ ಬಾಟಲಿ ಬೇಡ, ಅಲೆಯನ್ನು ಹೀರುತ್ತೆ. ಹೀಟರ್ ಆರಿಸಿದರೂ ಕಂಪನದಿಂದಲೇ ನೀರು ಬಿಸಿಯೇರುತ್ತೆ; ಥರ್ಮಾಮೀಟರ್ 50 ತೋರಿಸಿದರೆ ತಣ್ಣೀರು ಸೇರಿಸಿ.

25 ಕಿಲೋ ಡಬ್ಬಿ ಲೆಕ್ಕದಲ್ಲಿ ಮಾರುವವರು ಇದಕ್ಕೆ ದುಡ್ಡು ಹಾಕಬೇಡಿ. ಮಂದ ಜೇನು ಅಲೆಯನ್ನು ಹೀರಿಬಿಡುವುದರಿಂದ ಡಬ್ಬಿಯ ನಡುವಿಗೆ ಅದು ಮುಟ್ಟುವುದೇ ಇಲ್ಲ. ಅವರಿಗೆ ಪಂಪಿನಲ್ಲಿ ಬಿಸಿನೀರು ಸುತ್ತುವ ತೊಟ್ಟಿ ಸರಿ. ಅರ್ಧ ಕಿಲೋ ಬಾಟಲಿಯವರಿಗೆ ಆರು ಲೀಟರಿನದು ಸಾಕು, ಬುಟ್ಟಿ ಜೊತೆಗೇ ಬರುವಂಥದ್ದನ್ನು ತಗೊಳ್ಳಿ.