ಹನುಮಂತನಗರದ ಒಂದು ಬೆಣ್ಣೆ ದೋಸೆ ಅಂಗಡಿ: ರೀಲ್ಸ್ ತಂದ ಹೆಸರು ಮತ್ತು ನಿಜವಾದ ರುಚಿ

ಬೆಂಗಳೂರಿನ ಹನುಮಂತನಗರದ ಅಡ್ಡರಸ್ತೆಯೊಂದರಲ್ಲಿ ದಂಪತಿ ನಡೆಸುತ್ತಿರುವ ಈ ಪುಟ್ಟ ಅಂಗಡಿಗೆ, ಗಿರಾಕಿಯೊಬ್ಬರು ಹಾಕಿದ ಅರ್ಧ ನಿಮಿಷದ ವಿಡಿಯೊದ ದೆಸೆಯಿಂದ ಈಗ ದೂರದ ಯಲಹಂಕದಿಂದಲೂ ಜನ ಬರುತ್ತಿದ್ದಾರೆ. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಗಿ, ಮರುತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಭಾರತಕ್ಕೆ ಬಂದ ಮೇಲೆ ಇಂಥ ಹೆಸರು ಯಾರಿಗೂ ಸಿಗಬಹುದಾಗಿದೆ. ಹಿಂಬಾಲಕರೇ ಇಲ್ಲದವರ ವಿಡಿಯೊ ಕೂಡ, ನೋಡಿದವರು ಕೊನೆಯವರೆಗೆ ನೋಡಿ ಇತರರಿಗೆ ಕಳುಹಿಸಿದಷ್ಟೂ, ಅಪರಿಚಿತರ ಮೊಬೈಲುಗಳಿಗೆ ಹರಡುತ್ತ ಹೋಗುತ್ತದೆ.

ಪ್ರಸಿದ್ಧರಾಗಿರುವುದು ಗಲ್ಲಾದ ಬಳಿ ನಿಂತು ಚಟಾಕಿ ಹಾರಿಸುವ ಯಜಮಾನರು. ಆದರೆ ಕಾವಲಿಯ ಮುಂದೆ ಮಾತಿಲ್ಲದೆ ದುಡಿಯುವ ಅವರ ಪತ್ನಿಯೇ ಅಂಗಡಿಯ ನಿಜವಾದ ಬಂಡವಾಳವೆಂಬುದು ನನ್ನ ಅಭಿಪ್ರಾಯ (ವಿಡಿಯೊದಲ್ಲಿ ಅವರ ಕೈ ಮಾತ್ರ ಕಾಣುತ್ತದೆ). ಅಂಚು ಗರಿಗರಿಯಾಗಿ, ನಡುವೆ ಮೃದುವಾಗಿ, ಹಿಟ್ಟಿನ ಹದವಾದ ಹುಳಿ ಬೆಣ್ಣೆಯಲ್ಲಿ ಮುಳುಗಿಹೋಗದಂತೆ ಬೆಂದ ದೋಸೆ ನಿಜಕ್ಕೂ ಸೊಗಸಾಗಿದೆ. ಆಲೂಗಡ್ಡೆ ಪಲ್ಯಕ್ಕೆ ಈರುಳ್ಳಿ ಧಾರಾಳವಾಗಿ ಬಿದ್ದಿದೆ. ಕಾಫಿ ಸಾಧಾರಣ.

ಭಾನುವಾರದ ಕಥೆ ಬೇರೆ. ಸೆಲ್ಫಿಗಾಗಿ ನಿಂತವರಿಂದ ಸಾಲು ಮುಂದೆ ಸಾಗುವುದಿಲ್ಲ, ಚಟ್ನಿ ನೀರಾಗುತ್ತದೆ, ಅವಸರದಲ್ಲಿ ತೆಗೆದ ದೋಸೆ ಬಿಳಿಚಿಕೊಂಡೇ ತಟ್ಟೆಗೆ ಬರುತ್ತದೆ, ಅಕ್ಕಪಕ್ಕದ ಮನೆಯವರು ಗೇಟಿಗೆ ಅಡ್ಡವಾಗಿ ನಿಂತ ಸ್ಕೂಟರುಗಳನ್ನು ಸರಿಸುತ್ತಿರುತ್ತಾರೆ. ವಾರದ ದಿನಗಳಲ್ಲಿ, ಬೆಳಗ್ಗೆ ಎಂಟರೊಳಗೆ ಹೋಗುವವರಿಗೆ ಮಾತ್ರ ಈ ಅಂಗಡಿಯನ್ನು ಶಿಫಾರಸು ಮಾಡುತ್ತೇನೆ.